ಸ್ಪೇನಿನಲ್ಲಿ ಹೊತ್ತು ಎಷ್ಟಕ್ಕೆ ಮುಳುಗುತ್ತದೆ

ಆ ಭಾನುವಾರ ಅಕ್ಕ ಸಿಟ್ಟಿನಿಂದ ತಾಟು ತಳ್ಳಿದಳು ಎಂದು ನನ್ನ ತಮ್ಮ ಈಗಲೂ ಬಳಗದಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸುಳ್ಳು. ಹೊತ್ತು ಮುಳುಗಿತ್ತು, ನಾನು ಉಣ್ಣಲಿಲ್ಲ. ನಡೆದದ್ದು ಇಷ್ಟೇ. ಹೊತ್ತು ಮುಳುಗುವ ತನಕ ಬಾಯಿ ಮುಚ್ಚದೆ ಕುಳಿತವನು ಅವನು.

ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬ ನಿಯಮವನ್ನು ನಾನು ಹಿಡಿದು ಮೂವತ್ತು ವರ್ಷ ದಾಟಿತು. ಮಗನ ಮದುವೆಯ ಗದ್ದಲದಲ್ಲೂ ಬಿಟ್ಟಿಲ್ಲ, ಆಸ್ಪತ್ರೆಯಲ್ಲಿ ಮಲಗಿದಾಗಲೂ ಬಿಟ್ಟಿಲ್ಲ. ತಮ್ಮನೂ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು. ಅವನ ನಿಯಮ ಎಲ್ಲಿ ಬಿದ್ದುಹೋಯಿತೋ ಅವನಿಗೇ ಗೊತ್ತಿಲ್ಲ, ಹುಡುಕಲೂ ಇಲ್ಲ.

ನನ್ನ ಸೊಸೆ ಶಾಲೆಯಲ್ಲಿ ಕಲಿಸುತ್ತಾಳೆ. ಸ್ಪೇನ್ ದೇಶ ನೋಡಬೇಕೆಂಬುದು ಅವಳ ಬಹಳ ವರ್ಷಗಳ ಆಸೆ. ಮಗ, ಸೊಸೆ, ಮೊಮ್ಮಗಳು, ನಾನು, ನಾಲ್ಕೂ ಜನ ಹೋಗುವುದೆಂದು ಮಾತಾಗಿತ್ತು. ನಾನೂ ಪಾಸ್‌ಪೋರ್ಟ್ ಕಚೇರಿಗೆ ಹೋಗಿ ಬೆರಳು ಒತ್ತಿ ಬಂದಿದ್ದೆ. ನನಗೂ ಹೋಗಬೇಕಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಟ್ಟು ಹೇಳಲಿಲ್ಲ.

ಸೋಮವಾರ ಟ್ರಾವೆಲ್ಸಿನವನಿಗೆ ತಿಂಗಳು ಹೇಳಬೇಕಿತ್ತು. ಅದಕ್ಕೂ ಮೊದಲು ನನ್ನ ತಮ್ಮನ ಸಲಹೆ ಬೇಕೆಂದು ಮಗ ಹಟ ಹಿಡಿದ. ತಮ್ಮ ಸ್ಪೇನಿಗೆ ಹೋಗಿಬಂದವನು. ಎಂಟು ದಿನ, ಒಬ್ಬ ಹುಡುಗಿ ಎತ್ತಿ ಹಿಡಿದ ಕೊಡೆಯ ಹಿಂದೆ ಕುರಿಯಂತೆ ನಡೆದುಬಂದವನು. ಜನವರಿಯ ಆ ಭಾನುವಾರ ಮಧ್ಯಾಹ್ನ ನಾವೆಲ್ಲ ಪಾಸ್‌ಪೋರ್ಟ್ ಕಟ್ಟಿಕೊಂಡು ಖಾಸಬಾಗದ ನಮ್ಮ ಮನೆಯಿಂದ ಖಾನಾಪುರದ ತಮ್ಮನ ಮನೆಗೆ ಹೋದೆವು.

ಅವನು ಟಿವಿಯಲ್ಲಿ ಫೋಟೋ ಹಚ್ಚಿದ. ಪ್ರತಿ ಫೋಟೋದಲ್ಲೂ ಅವನೇ, ಹಿಂದೆ ಸ್ವಲ್ಪ ಸ್ಪೇನು.

"ಪಾಸ್‌ಪೋರ್ಟ್ ಝೆರಾಕ್ಸ್ ಬ್ಯಾರೆ ಚೀಲದಾಗ ಇಡ್ರಿ. ಕಿಸೇಗಳ್ಳರು ಭಾಳ ಅದಾರ," ಎಂದ. ಇದೊಂದು ಬುದ್ಧಿಯ ಮಾತು. ಆಮೇಲೆ, "ಒಂದ ಸೋಜಿಗ ಹೇಳತೀನಿ. ಅಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿ ಮಲಕೋತಾರ!" ಎಂದು ಕಣ್ಣರಳಿಸಿದ. ಖಾನಾಪುರದ ಅಂಗಡಿಯವರು ಮಧ್ಯಾಹ್ನ ಶಟರ್ ಎಳೆದು ಮಲಗುವುದನ್ನು ಚಿಕ್ಕಂದಿನಿಂದ ನೋಡಿದವನು ಇದಕ್ಕಾಗಿ ವಿಮಾನ ಹತ್ತಿದ್ದ.

"ಮೊದಲ 'ಗ್ರಾಸಿಯಾಸ್' ಕಲೀರಿ. ಥ್ಯಾಂಕ್ಸ್ ಅಂತ."

"ಮೊದಲ 'ಬ್ಯಾಡ' ಅನ್ನೂದ ಕಲೀಬೇಕು," ಎಂದೆ ನಾನು.

ನಮ್ಮಪ್ಪ ಅಂಗಡಿ ಹಾಕಲು ಖಾನಾಪುರಕ್ಕೆ ಬಂದಾಗ ನನಗೆ ಎಂಟು ವರ್ಷ, ಮರಾಠಿಯ ಒಂದು ಮಾತೂ ಬರುತ್ತಿರಲಿಲ್ಲ. ಮೊದಲು ಕಲಿತದ್ದು 'ನಕೋ'. ಅದು ಬರದಿದ್ದರೆ ಸಂತೆಯ ಹೆಂಗಸರು ಬಾಡಿದ ಕಾಯಿಪಲ್ಯೆಯನ್ನೆಲ್ಲ ನಿಮ್ಮ ಚೀಲಕ್ಕೇ ಸುರಿಯುತ್ತಾರೆ. ಉಪಕಾರ ಹೇಳುವುದನ್ನು ಆಮೇಲೆ ನಿಧಾನವಾಗಿ ಕಲಿಯಬಹುದು. ಮೊಮ್ಮಗಳಿಗೆ ಇದು ತಿಳಿಯಿತು. ಫೋನಿನಲ್ಲಿ ಹುಡುಕಿ, ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ ಎನ್ನುವುದಕ್ಕೆ ಅಲ್ಲಿಯ ಮಾತನ್ನು ಕನ್ನಡ ಅಕ್ಷರದಲ್ಲಿ ಒಂದು ಚೀಟಿಗೆ ಬರೆದುಕೊಟ್ಟಳು.

"ನೀ ಅಲ್ಲಿ ಏನ ತಿಂದ್ಯೋ ತಮ್ಮಾ?" ಎಂದು ಕೇಳಿದೆ.

"ಆಲೂಗಡ್ಡಿ ಆಮ್ಲೆಟ್ ಭಾಳ ಚಲೋ..." ಎಂದವನು ಹೆಂಡತಿಯ ಮುಖ ನೋಡಿದ. "ಅಲ್ಲ, ಬ್ರೆಡ್ಡು. ಬರೇ ಬ್ರೆಡ್ಡು."

ಅವನ ಹೆಂಡತಿ ಒಳ್ಳೆಯವಳು. ಐದೂವರೆಗೇ ಬಾಗಿಲಲ್ಲಿ ನಿಂತು, "ರೀ, ಅಕ್ಕಾರ ಊಟದ ಹೊತ್ತಾತು," ಎಂದಳು. "ತಡಿ, ಮುಖ್ಯ ಮಾತ ಈಗ ಬರತೈತಿ," ಎಂದು ಇವನು ಕೈ ಬೀಸಿದ. ಆರಕ್ಕೆ ಮತ್ತೆ ಬಂದಳು, ಮತ್ತೆ ಕೈ ಬೀಸಿದ. ನಾನು ಎದ್ದು ಹೋಗಬಹುದಿತ್ತು. ಮುಖ್ಯ ಮಾತು ಯಾವುದೆಂದು ಕೇಳಬೇಕಿತ್ತು, ಕುಳಿತೆ. ಅದು ನನ್ನ ತಪ್ಪು.

ಮುಖ್ಯ ಮಾತು ತಿಂಗಳಿನದು. ಸೊಸೆಗೆ ರಜೆ ಇರುವುದು ಮೇ ತಿಂಗಳಲ್ಲಿ, ಇಲ್ಲವೇ ಅಕ್ಟೋಬರಿನ ದಸರೆಗೆ.

"ಅಕ್ಟೋಬರ್," ಎಂದ ತಮ್ಮ. "ತಂಪ ಇರತೈತಿ, ಮಂದಿ ಕಡಿಮಿ."

"ಅಲ್ಲಿ ರಾತ್ರಿ ಊಟ ಎಷ್ಟಕ್ಕ?"

"ಹೋಟೆಲ್ ತೆಗಿಯೂದ ಎಂಟೂವರಿ ಮ್ಯಾಲ."

"ಹೊತ್ತ ಎಷ್ಟಕ್ಕ ಮುಳಗತೈತಿ?"

ತಮ್ಮ ನಕ್ಕ. "ಅಕ್ಕಾ, ಸೂರ್ಯಾ ಎಲ್ಲಾ ಕಡೆ ಸಂಜೀಕೇ ಮುಳಗತಾನ."

ಎಂಟು ದಿನ ಒಂದು ದೇಶದಲ್ಲಿದ್ದು ತಲೆಯ ಮೇಲಿನ ಸೂರ್ಯನನ್ನು ನೋಡದೆ ಬಂದ ಮನುಷ್ಯ! ಮೊಮ್ಮಗಳು ಫೋನು ನೋಡಿದಳು. "ಆಯಿ, ಅಕ್ಟೋಬರದಾಗ ಏಳೂವರಿ. ಮೇದಾಗ ಒಂಬತ್ತ ಇಪ್ಪತ್ತು!"

ನನಗೆ ಇನ್ನೇನೂ ಬೇಕಿರಲಿಲ್ಲ. ಹೋಟೆಲು ಎಂಟೂವರೆಗೆ ಬಾಗಿಲು ತೆಗೆದರೆ ಮೇ ತಿಂಗಳಲ್ಲಿ ಇನ್ನೂ ಮುಕ್ಕಾಲು ತಾಸು ಬೆಳಕು. ನನ್ನ ಊಟಕ್ಕೆ ಕಾಲು ತಾಸು ಸಾಕು. ಅಕ್ಟೋಬರಿನಲ್ಲಾದರೆ ಅವರೆಲ್ಲ ಉಣ್ಣುವಾಗ ನಾನು ಬಾಯಿ ನೋಡುತ್ತ ಕೂಡಬೇಕು.

"ಹಂಗಾರ ಮೇ," ಎಂದೆ.

"ಮೇದಾಗ ಗದ್ದಲ ಅಕ್ಕಾ. ನಿನ್ನ ಸಲುವಾಗಿ ಎಲ್ಲಾರೂ ಯಾಕ ತ್ರಾಸ ತಗೋಬೇಕು?" ಎಂದ ತಮ್ಮ ನನ್ನ ಮಗನ ಕಡೆ ತಿರುಗಿದ. "ಅಕ್ಕನ್ನ ಬಿಟ್ಟ ಹೋಗ್ರಿ. ಅಲ್ಲಿ ಉಪಾಸ ಬೀಳತಾಳ. ನಮ್ಮ ಮನ್ಯಾಗ ಇರಲಿ, ಹೊತ್ತಿಗಿ ಸರಿಯಾಗಿ ಊಟಾ ಹಾಕತೀವಿ."

ಮಗ ಟಿವಿಯನ್ನೇ ನೋಡಿದ. ಟಿವಿಯಲ್ಲಿ ತಮ್ಮ ಒಂದು ಕಾರಂಜಿಯ ಮುಂದೆ ನಿಂತಿದ್ದ.

ಬಾಗಿಲಲ್ಲಿದ್ದ ತಮ್ಮನ ಹೆಂಡತಿ ದೀಪದ ಬಟನ್ ಒತ್ತಿದಳು. "ಏನ ಊಟಾ ಹಾಕತೀರಿ? ಹೊತ್ತ ಯಾವಾಗೋ ಮುಳಗೇತ್ರಿ," ಎಂದಳು.

ಸ್ಪೇನಿನಲ್ಲಿ ನಾನು ಉಪವಾಸ ಬೀಳುತ್ತೇನೆಂದು ಹೆದರಿದವರು ನನ್ನನ್ನು ಖಾನಾಪುರದಲ್ಲಿ, ನನ್ನ ತವರಿನಲ್ಲೇ, ಉಪವಾಸ ಕೆಡವಿದರು. ತಾಟು ಇಟ್ಟರು, ಒಲ್ಲೆ ಎಂದೆ. "ಇದೊಂದ ದಿನ ನಡೀತೈತಿ, ತಗೋ ಅಕ್ಕಾ," ಎಂದ ತಮ್ಮ. ರಾತ್ರಿ ಅಲ್ಲೇ ಉಳಿಯುವುದಿತ್ತು, ನಾನು ಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಎರಡು ತಾಟು ಅವಲಕ್ಕಿ ತಿಂದೆ. ಟಿವಿಯ ಕೆಳಗಿದ್ದ ನಾಲ್ಕೂ ಪಾಸ್‌ಪೋರ್ಟ್ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ಹಿಂದಿನಿಂದ ಸೊಸೆ ಓಡಿಬಂದಳು. "ಅತ್ತಿ, ನಿಂದರ್ರಿ, ನಾನೂ ಬರತೀನಿ. ಸಾಲಿಗಿ ರಜಾ ಹಾಕೀನಿ." ಬಸ್ಸಿನಲ್ಲಿ ನಮ್ಮೂರಿಗೆ ಬಂದು ಹಿಂದವಾಡಿಯ ಟ್ರಾವೆಲ್ಸ್ ಅಂಗಡಿಗೆ ಹೋದಾಗ ಅವನು ಆಗಷ್ಟೇ ಶಟರ್ ಎತ್ತುತ್ತಿದ್ದ.

"ನಿಮ್ಮ ಮಗಾ ಸಾಹೇಬರು ರಾತ್ರೀನ ಫೋನ್ ಮಾಡಿದ್ರಲ್ರೀ. ಅಕ್ಟೋಬರ್, ಮೂರು ಮಂದಿ ಅಂದ್ರು," ಎಂದ.

ನಾನು ನಾಲ್ಕೂ ಪಾಸ್‌ಪೋರ್ಟ್ ಅವನ ಮೇಜಿನ ಮೇಲಿಟ್ಟೆ. "ಮೇ ತಿಂಗಳು, ನಾಲ್ಕು ಮಂದಿ. ಬರಕೋ." ಸೊಸೆ ನನ್ನ ಬಾಜುವಿಗೆ ಕುಳಿತು, "ಹೌದ್ರಿ, ಮೇ," ಎಂದಳು. ಅವನು ಬರೆದು ಮುಗಿಸುವ ತನಕ ನಾನು ಆ ಕುರ್ಚಿ ಬಿಟ್ಟು ಏಳಲಿಲ್ಲ.