ಬೆಟ್ಟ ಹತ್ತಿದ ಟ್ಯಾಂಕ್

ಗುಬ್ಬಿಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಮಾವಿನಕಾಯಿ, ಬಿಂದಿಗೆ ಬರೆಯುವುದನ್ನು ಕಲಿಸಿದ ಡ್ರಾಯಿಂಗ್ ಮೇಷ್ಟ್ರು ನಾನು. ಯಾವುದು ಚಿತ್ರ, ಯಾವುದು ಅಲ್ಲ ಎಂಬುದು ನನಗೆ ಗೊತ್ತು ಎಂದು ಊರು ನಂಬಿತ್ತು. ಊರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ನಮ್ಮ ಬೀದಿಯ ಪುಟ್ಟರಂಗಯ್ಯ ಕಾರ್ಗಿಲ್‌ನಲ್ಲಿ ಹೋರಾಡಿ ಬಂದ ಹವಾಲ್ದಾರ್. ಈಗ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸೆಕ್ಯೂರಿಟಿ. ಯುದ್ಧದ ಕಥೆ ಕೇಳಿದರೆ ಬಾಯಿ ಬಿಡುವ ಆಸಾಮಿಯಲ್ಲ. ಸೈನ್ಯದಿಂದ ಬಂದ ಮೇಲೆ ವರ್ಷಗಟ್ಟಲೆ ನಿದ್ದೆಯಿಲ್ಲದೆ ಒದ್ದಾಡಿದವನಿಗೆ ಡಾಕ್ಟರೊಬ್ಬರು, ಹೇಳಲು ಆಗದಿದ್ದರೆ ಬಣ್ಣ ಬಳಿಯಿರಿ ಎಂದಿದ್ದರಂತೆ. ಡ್ಯೂಟಿ ಮುಗಿಸಿ ಬಂದು ಮನೆಯ ಬೀದಿಗೋಡೆಗೇ ಬಳಿಯತೊಡಗಿದ. ಬೂದಿ ಬಣ್ಣದ ಒಂದು ತೇಪೆ, ಅದರ ಮೇಲೆ ಕೆಂಪು, ಅದರ ಮೇಲೆ ಮತ್ತೆ ಬೂದಿ. ಕೈಯಿಲ್ಲ, ಕಾಲಿಲ್ಲ, ಒಂದು ಗಿಡವೂ ಇಲ್ಲ. ಯಾರೋ ಮಾಟ ಎಂದರು, ಯಾರೋ ಪೇಂಟು ಮಿಕ್ಕಿರಬೇಕು ಎಂದರು. ನಮ್ಮ ಸ್ಕೂಲಿನ ಮಗುವಾಗಿದ್ದರೆ ಕಿವಿ ಹಿಂಡುತ್ತಿದ್ದೆ ಎಂದೆ ನಾನು. ಅವನ ಹೆಂಡತಿ ಮಂಜುಳಮ್ಮ ಮಾತ್ರ, ಅದು ಶುರುವಾದ ಮೇಲೆ ಇವರು ನಿದ್ದೆ ಮಾಡುತ್ತಿದ್ದಾರೆ, ಗೋಡೆ ಹಾಳಾದರೆ ಆಗಲಿ ಎನ್ನುತ್ತಿದ್ದಳು. ಆ ಮಾತನ್ನು ನಾವು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆವು.

ನಮ್ಮ ಕಡೆ ಮಾಜಿ ಸೈನಿಕನೆಂದರೆ ಆಗಸ್ಟ್ ಹದಿನೈದಕ್ಕೆ ಬೀರುವಿನಿಂದ ತೆಗೆಯುವ ವಸ್ತು. ಪೇಟ, ಶಾಲು, ಹಣ್ಣಿನ ಬುಟ್ಟಿ, ಫೋಟೊ. ಮುಂದಿನ ಆಗಸ್ಟ್ ತನಕ ಅವನು ಇದ್ದಾನೋ ಸತ್ತನೋ ಕೇಳುವವರಿಲ್ಲ. ಕಳೆದ ವರ್ಷ ಸನ್ಮಾನ ಸಮಿತಿಗೆ ನಾನೇ ಕಾರ್ಯದರ್ಶಿ. ಗಂಡ ಹೆಂಡತಿಯನ್ನು ತುಮಕೂರಿನ ಸಮಾರಂಭಕ್ಕೆ ಕಾರಿನಲ್ಲಿ ಕಳಿಸಿ, ಇತ್ತ ಮರಳೂರಿನಿಂದ ಬೋರ್ಡು ಬರೆಯುವ ಅಂಜನ್‌ಕುಮಾರನನ್ನು ಕರೆಸಿದೆ. ಸರ್‌ಪ್ರೈಸ್ ಕೊಡಬೇಕಲ್ಲ. ಸಂಜೆಯೊಳಗೆ ತೇಪೆಗಳೆಲ್ಲ ಮುಚ್ಚಿಹೋಗಿ ಗೋಡೆಯ ಮೇಲೆ ನಿಜವಾದ ಚಿತ್ರ ಎದ್ದಿತು: ಹಿಮದ ಬೆಟ್ಟ, ಹೊಗೆ, ಟ್ಯಾಂಕ್, ಬಂದೂಕು ಹಿಡಿದ ಪುಟ್ಟರಂಗಯ್ಯ, ಅವನ ಕಾಲ ಬುಡದಲ್ಲಿ ಸತ್ತುಬಿದ್ದ ಒಬ್ಬ ಶತ್ರು. ಅಷ್ಟೆತ್ತರದ ಬೆಟ್ಟಕ್ಕೆ ಟ್ಯಾಂಕ್ ಹತ್ತಿಸಿದ ಕೀರ್ತಿ ನಮ್ಮ ಗುಬ್ಬಿಗೇ ಸಲ್ಲಬೇಕು.

ತಲೆಯ ಮೇಲಿನ ಪೇಟದೊಂದಿಗೆ ಕಾರಿನಿಂದ ಇಳಿದವನು ಗೋಡೆ ನೋಡಿದ. ನಾವು ಚಪ್ಪಾಳೆ ತಟ್ಟಿದೆವು. ಅವನು ಪೇಟ ಕಳಚಿ ಹೆಂಡತಿಯ ಕೈಗಿಟ್ಟು ಒಳಗೆ ಹೋದ. ಖುಷಿ ತಡೆಯಲಾಗಲಿಲ್ಲ ಎಂದು ನಾನೇ ಎಲ್ಲರಿಗೂ ವಿವರಿಸಿದೆ.

ಮೂರನೇ ದಿನ ಮಂಜುಳಮ್ಮ ನಮ್ಮ ಬಾಗಿಲಿಗೆ ಬಂದಳು. ಅಂದಿನಿಂದ ಗಂಡ ಕಣ್ಣು ಮುಚ್ಚಿಲ್ಲವಂತೆ, ಡ್ಯೂಟಿಗೂ ಹೋಗಿಲ್ಲವಂತೆ.

"ವರ್ಷಾನುಗಟ್ಲೆ ಬಳ್ದು ಬಳ್ದು ಮುಚ್ಚಿದ್ರು ಮೇಷ್ಟ್ರೇ," ಎಂದಳು. "ನೀವು ಒಂದೇ ದಿನಕ್ಕೆ ತೆಗ್ದು ಹೊರಗಿಟ್ಬುಟ್ರಿ."

ನಾಚಿಕೆಯಾಯಿತು. ಬೂದಿ ಬಣ್ಣದ ಡಬ್ಬ ಕೊಂಡು ನಾನೇ ಅವರ ಮನೆಗೆ ಹೋದೆ. ಪುಟ್ಟರಂಗಯ್ಯ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಬ್ರಷ್ ತೆಗೆದುಕೊಂಡು ಮೊದಲು ಟ್ಯಾಂಕ್ ಮುಚ್ಚಿದ, ಆಮೇಲೆ ಬೆಟ್ಟ, ಆಮೇಲೆ ತನ್ನನ್ನೇ. ಕೊನೆಗೆ ಸತ್ತುಬಿದ್ದವನ ಮುಖದ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಬ್ರಷ್ ಡಬ್ಬದ ಮೇಲಿಟ್ಟ.

"ಇವ್ನಿಗೆ ಮೀಸೆ ಇರ್ಲಿಲ್ಲ ಮೇಷ್ಟ್ರೇ," ಎಂದ. "ಇನ್ನೂ ಬಂದಿರ್ಲಿಲ್ಲ."

ಶತ್ರುವಿಗೆ ದಪ್ಪ ಮೀಸೆ ಇರಲಿ ಎಂದು ಅಂಜನ್‌ಕುಮಾರನಿಗೆ ಹೇಳಿ ಬರೆಸಿದ್ದವನು ನಾನು.