ಬಿಚ್ಚಿಟ್ಟ ಅರವತ್ತು ತೋಟಾಗಳು

ನನ್ನ ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದಾಗ ನಡೆದದ್ದು ಇದು. ಆಗ ನಾನು ಸಿಡ್ನಿಯ ಲಿವರ್‌ಪೂಲ್‌ನಲ್ಲಿ, ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ಸೀನಿಯರ್ ಟೆಕ್ನೀಷಿಯನ್. ಮಾಂಸದಂಗಡಿಯ ತಕ್ಕಡಿಯಿಂದ ಹಿಡಿದು ಲ್ಯಾಬಿನ ತಕ್ಕಡಿಯವರೆಗೆ, ಇಪ್ಪತ್ತಾರು ವರ್ಷ ನನ್ನ ಕೆಲಸ ಒಂದೇ: ಕ್ಯಾಲಿಬ್ರೇಷನ್. ಗೊತ್ತಿರುವ ತೂಕದ ಬಟ್ಟು ಇಟ್ಟು, ಯಂತ್ರ ನಿಜ ಹೇಳುತ್ತದೋ ಇಲ್ಲವೋ ನೋಡಿ, ಸ್ಟಿಕರ್ ಅಂಟಿಸುವುದು. ಆ ಸ್ಟಿಕರ್ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಆ ವರ್ಷದ ಚಳಿಗಾಲದಲ್ಲಿ ಶೈಲಜಾ ಎಂಬುವವರು ಒಂದು ಬೀಮ್ ಸ್ಕೇಲ್, ಅಂದರೆ ದಂಡದ ಸಣ್ಣ ತಕ್ಕಡಿ, ತಂದರು. ಮೈಸೂರಿನವರು, ವೃತ್ತಿಯಲ್ಲಿ ಫಿಸಿಯೋಥೆರಪಿಸ್ಟ್. ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರು, ನಲವತ್ತೈದರ ನಂತರ ಇಲ್ಲಿ ಲೈಸೆನ್ಸ್ ಪಡೆದು ಕ್ಲಬ್ಬಿಗೆ ಸೇರಿ ಮತ್ತೆ ಗುರಿ ಹೊಡೆಯಲು ಶುರು ಮಾಡಿದ್ದರು. ಈಗ ತೋಟಾಗಳನ್ನೂ ಮನೆಯಲ್ಲೇ ರೀಲೋಡ್ ಮಾಡುವ ಯೋಚನೆ. ಹೊಡೆದಾದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ಕೇಸಿಗೆ ಮದ್ದಿಗೆ ಕಿಡಿ ಹಚ್ಚುವ ಹೊಸ ಪ್ರೈಮರ್, ಅಳೆದ ಮದ್ದು, ಹೊಸ ಗುಂಡು ಕೂರಿಸುವ ಕೆಲಸ ಅದು. ಮದ್ದಿನ ತೂಕವೇ ಅದರ ಜೀವ.

"ಶೆಟ್ರೇ, ಇಷ್ಟೆಲ್ಲ ಒದ್ದಾಡೋದು ವರ್ತ್ ಅಂತೀರಾ? ಅಂಗಡೀಲಿ ಡಬ್ಬ ತಗೊಂಡ್ರೆ ಆಯ್ತಪ್ಪ" ಎಂದು ಕೇಳಿದರು.

"ಅದು ನಂಗೆ ಗೊತ್ತಿಲ್ಲ ಮಾರಾಯ್ರೇ. ತಕ್ಕಡಿ ಮಾತ್ರ ಸರಿ ಉಂಟು. ವರ್ಷವಿಡೀ ಯೋಚನೆ ಬೇಡ" ಎಂದೆ. ತಪ್ಪು ಮಾಡಿದ್ದು ಅಲ್ಲೇ. ಪ್ರತಿ ಸಲ ಕೂರುವ ಮೊದಲು ಚೆಕ್ ವೇಟ್, ಅಂದರೆ ತೂಕ ಗೊತ್ತಿರುವ ಬಟ್ಟು, ಇಟ್ಟು ನೋಡಿ ಎಂದು ಹೇಳಬೇಕಿತ್ತು. ಓದಿದವರಿಗೆ ಪಾಠ ಹೇಳುವುದೇಕೆ ಎಂದು ಸುಮ್ಮನಾದೆ.

ನವರಾತ್ರಿ ಮುಗಿದು ಎರಡು ವಾರವಾಗಿತ್ತು. ಶೈಲಜಾ ಮತ್ತೆ ಬಂದರು, ಮುಖ ಬಿಳಿಚಿಕೊಂಡಿತ್ತು. ಹಿಂದಿನ ದಿನ ರೇಂಜಿನಲ್ಲಿ ಮೂರನೇ ಗುಂಡು ಹೊಡೆದಾಗ ರೈಫಲಿನ ಹಿಂಬದಿಯ ಅಗಳಿ, ಅಂದರೆ ಬೋಲ್ಟ್, ತೆರೆಯಲು ಬರಲಿಲ್ಲವಂತೆ. ಕಷ್ಟಪಟ್ಟು ತೆರೆದರೆ ಪ್ರೈಮರ್ ಚಪ್ಪಟೆಯಾಗಿತ್ತು. ಒಳಗೆ ಒತ್ತಡ ಮಿತಿ ಮೀರಿದೆ ಎಂಬುದಕ್ಕೆ ಅದೇ ಗುರುತು. ರೇಂಜ್ ಆಫೀಸರ್ ಆ ಕ್ಷಣವೇ ಅವರನ್ನು ತಡೆದಿದ್ದರು. ಇನ್ನೂ ಅರವತ್ತು ತೋಟಾಗಳು ಅದೇ ಅಳತೆಯಲ್ಲಿ ತಯಾರಾಗಿದ್ದವು. ಮೆಲ್ಬರ್ನ್‌ನ ಸ್ಪರ್ಧೆಗೆ ಎಂಟೇ ದಿನ ಉಳಿದಿತ್ತು.

"ಖಾಲಿ ತಟ್ಟೇಲಿ ಝೀರೋ ಕರೆಕ್ಟಾಗೇ ತೋರಿಸ್ತಿದೆ. ಮದ್ದಿಂದೇ ಪ್ರಾಬ್ಲಮ್ ಇರ್ಬೇಕು" ಎಂದರು.

ನಾನು ಎರಡು ಗ್ರಾಂ ಬಟ್ಟು ಇಟ್ಟೆ. ದಂಡ ಏಳಲಿಲ್ಲ. ಬೆರಳಿನಿಂದ ಮೆಲ್ಲಗೆ ತಟ್ಟಿದೆ, ಎದ್ದಿತು. ಹತ್ತು ಸಲ ಇಟ್ಟರೆ ಹತ್ತು ಬಗೆ. ದಂಡವನ್ನು ಎತ್ತಿ, ಅದು ಕೂರುವ ಎರಡು ಸಣ್ಣ ಕಚ್ಚುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಅಲ್ಲಿ ಕೆಂಪಗೆ ಏನೋ ಒಣಗಿ ಗಟ್ಟಿಯಾಗಿತ್ತು. ದಂಡ ಅಲ್ಲಿ ಅಂಟಿಕೊಳ್ಳುತ್ತಿದ್ದುದರಿಂದ ಅದು ಮೇಲೇಳುವ ಹೊತ್ತಿಗೆ ತಟ್ಟೆಗೆ ಮದ್ದು ಜಾಸ್ತಿ ಬಿದ್ದಿರುತ್ತಿತ್ತು. ಒಮ್ಮೊಮ್ಮೆ ಗ್ರಾಮಿನ ಹತ್ತನೇ ಒಂದು ಭಾಗ. ಅಡುಗೆಮನೆಯಲ್ಲಿ ಅದು ಲೆಕ್ಕಕ್ಕೇ ಇಲ್ಲ, ರೈಫಲಿನಲ್ಲಿ ಕಣ್ಣು ಕಳೆಯಲು ಸಾಕು.

"ಇದೆಂಥದು ಕೆಂಪು?" ಎಂದೆ.

ಶೈಲಜಾ ಬಗ್ಗಿ ಭೂತಗನ್ನಡಿಯಲ್ಲಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಕುಂಕುಮ. ಆಯುಧ ಪೂಜೆ ದಿನ ಅತ್ತೆ ಇಟ್ಟಿದ್ದು."

ರೈಫಲ್, ಮದ್ದು ಎಲ್ಲ ಕಾನೂನಿನಂತೆ ಬೀಗದೊಳಗೆ ಇದ್ದವು. ಗರಾಜಿನ ಬೆಂಚಿನ ಮೇಲೆ ಹೊರಗಿದ್ದದ್ದು ತಕ್ಕಡಿ ಮಾತ್ರ. ಅತ್ತೆ ಕಮಲಮ್ಮ ಕಾರಿಗೆ, ಮಿಕ್ಸಿಗೆ, ವಾಷಿಂಗ್ ಮೆಷಿನ್‌ಗೆ ಇಟ್ಟಂತೆ ಅದಕ್ಕೂ ಕುಂಕುಮ ಕಲಸಿ, ಸರಿಯಾಗಿ ನಡುಮಧ್ಯಕ್ಕೇ ಬೊಟ್ಟು ಇಟ್ಟಿದ್ದರು. ಶೈಲಜಾ ಅದನ್ನು ಮರುದಿನವೇ ನೋಡಿದ್ದರು. ಪೂಜೆಯ ಕುಂಕುಮ ಒರೆಸುವುದು ಹೇಗೆ ಎಂದು ಬಿಟ್ಟಿದ್ದರು, ಅಷ್ಟೆ.

"ಅತ್ತೆಗೆ ಹೇಳ್ಬೇಡಿ ಶೆಟ್ರೇ, ಪ್ಲೀಸ್. ತುಂಬಾ ನೊಂದ್ಕೋತಾರೆ."

ನನಗೆ ಶೈಲಜಾ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಸುಳ್ಳು ಹೇಳುವ ತಕ್ಕಡಿಯನ್ನು ನಾನು ಜೀವಮಾನದಲ್ಲಿ ಬಿಟ್ಟವನಲ್ಲ. ಅವರು ಹೇಳದಿದ್ದರೆ ಮುಂದಿನ ನವರಾತ್ರಿಗೆ ಇದೇ ಕಥೆ. ತಕ್ಕಡಿಯನ್ನು ತೊಳೆದು ಸರಿಮಾಡಿ, ಕೊಡುವ ನೆಪದಲ್ಲಿ ಸಂಜೆ ನಾನೇ ಅವರ ಮನೆಗೆ ಹೋದೆ. ಕಮಲಮ್ಮ ಕಾಫಿ ತಂದಿಟ್ಟು, "ಏನಾಗಿತ್ತಂತೆ ಅದಕ್ಕೆ?" ಎಂದು ಕೇಳಿದರು. ಶೈಲಜಾ ನನ್ನತ್ತ ಬೇಡುವಂತೆ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಆ ತಾಯಿ ಕೂತಲ್ಲೇ ಕುಗ್ಗಿಹೋದರು. ಹೇಳಬಾರದಿತ್ತೇನೋ ಎಂದು ನನಗೂ ಅನ್ನಿಸಿತು. ಆಮೇಲೆ ಅವರು ಸೊಸೆಯ ಕಡೆ ತಿರುಗಿದರು.

"ನನಗೇನೋ ಗೊತ್ತಿರ್ಲಿಲ್ಲ. ನಿನಗೆ ಅಲ್ಲಿ ಏನೂ ಇರಬಾರದು ಅಂತ ಗೊತ್ತಿತ್ತಲ್ವೇನೇ? ಯಾಕೆ ಒರೆಸ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ ಅತ್ತೆ."

"ನನ್ನ ಬೇಜಾರಿಗಿಂತ ನಿನ್ನ ಕಣ್ಣು ಅಗ್ಗ ಆಯ್ತೇನೇ ನಿನಗೆ?" ಎನ್ನುತ್ತ ಕಮಲಮ್ಮ ಅತ್ತೇಬಿಟ್ಟರು.

ಶೈಲಜಾ ಅವರ ಕಾಲ ಬಳಿ ಕೂತರು. ನಾನು ಆರಿದ ಕಾಫಿ ಕುಡಿದು ಎದ್ದೆ. ಹೊರಡುವಾಗ ನನ್ನ ತಪ್ಪನ್ನೂ ಒಪ್ಪಿಕೊಂಡೆ: ಚೆಕ್ ವೇಟ್ ವಿಷಯ ಮೊದಲೇ ಹೇಳದೆ ಬಿಟ್ಟದ್ದು ನಾನು.

ಆ ವಾರಾಂತ್ಯ ಶೈಲಜಾ ಅರವತ್ತೂ ತೋಟಾಗಳನ್ನು ಒಂದೊಂದಾಗಿ ಬಿಚ್ಚಿದರು. ಕೆಲವನ್ನಾದರೂ ಉಳಿಸಿಕೊಳ್ಳಬಹುದೇ ಎಂದು ಆಸೆಯಿಂದ ಒಳಗಿನ ಮದ್ದನ್ನು ತೂಗಿ ನೋಡಿದರಂತೆ. ಯಾವ ಎರಡೂ ಒಂದೇ ತೂಕ ಬರಲಿಲ್ಲ. ಅಂಗಡಿಯ ತೋಟಾಗಳನ್ನು ತೆಗೆದುಕೊಂಡು ಮೆಲ್ಬರ್ನ್‌ಗೆ ಹೋದರು. ಆ ಊರಿನ ಹೊರವಲಯದ ಕ್ರಾನ್‌ಬರ್ನ್‌ನಲ್ಲಿ ಗೆಳತಿಯ ಮನೆಯಲ್ಲಿ ಉಳಿದು ಸ್ಪರ್ಧೆ ಮುಗಿಸಿದವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಹದಿನೇಳನೇ ಸ್ಥಾನ.

"ಹಾಗಾದ್ರೆ ರೀಲೋಡಿಂಗ್ ಬಿಟ್ಟೇಬಿಡ್ತೀರೋ?" ಎಂದು ಕೇಳಿದೆ.

"ಇಲ್ಲ ಶೆಟ್ರೇ. ಟೈಮು, ತಲೆನೋವು ಎಲ್ಲ ಲೆಕ್ಕ ಹಾಕಿದ್ರೆ ವರ್ತ್ ಅಲ್ಲ, ಒಪ್ತೀನಿ. ಆದ್ರೆ ಆ ಬೆಂಚ್ ಹತ್ರ ಕೂತಾಗ, ಯಾರಿಗೆ ಬೇಜಾರಾಗುತ್ತೋ ಅಂತ ನಾನು ಯೋಚನೆ ಮಾಡೋ ಹಾಗಿಲ್ಲ. ನನ್ನ ದಿನದಲ್ಲಿ ಅಂಥ ಜಾಗ ಅದೊಂದೇ ಇರೋದು."

ಅದಾದ ಮೇಲೆ ನಿವೃತ್ತನಾಗುವವರೆಗೂ ನಾನು ಯಾವ ತಕ್ಕಡಿಯನ್ನೂ ಬರೀ ಸ್ಟಿಕರ್ ಹಚ್ಚಿ ಕಳಿಸಲಿಲ್ಲ. ಡಾಕ್ಟರಾಗಲಿ ಕಸಾಯಿಯಾಗಲಿ, ಎದುರಿಗೆ ನಿಲ್ಲಿಸಿಕೊಂಡು ಚೆಕ್ ವೇಟ್ ಇಡಿಸಿ ನೋಡುತ್ತಿದ್ದೆ. ಕೆಲವರು ಮುಖ ಸಿಂಡರಿಸಿದರು. ಸಿಂಡರಿಸಲಿ ಎಂದು ಬಿಟ್ಟೆ.