ಇಬ್ಬರ ಮುಖಕ್ಕೂ ಬೀಸಿದ ಗಾಳಿ

ಇಂಥ ವಿಚಿತ್ರದ ಕಥೆಗಳನ್ನು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವರ ಪೈಕಿ ನಾನು. ಎಲ್ಲ ಬರೀ ಬೊಗಳೆ ಅನ್ನುತ್ತಿದ್ದೆ. ಈಗ ನನ್ನದೇ ಒಂದನ್ನು ಹೇಳಬೇಕಾಗಿದೆ. ನೀವು ನಂಬದಿದ್ದರೂ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ, ಚಾಮರಾಜಪೇಟೆಯ ನಮ್ಮ ಮನೆ ಹಿಂದಿನ ಖಾಲಿ ಸೈಟಿನಲ್ಲಿ ಕೆಂಪಿ ಎಂಬ ಬೀದಿನಾಯಿ ಇದ್ದಳು. ಯಾರೋ ಪಾಪಿಗಳು ಕಟ್ಟಿದ್ದ ತಂತಿ ಕುತ್ತಿಗೆಯೊಳಕ್ಕೆ ಇಳಿದು ಗಾಯ ಕೊಳೆಯುತ್ತಿತ್ತು. ಬೇಗ ಹಿಡಿದು ತನ್ನಿ, ಇಲ್ಲದಿದ್ದರೆ ಉಳಿಯುವುದಿಲ್ಲ ಎಂದರು ಪಶುವೈದ್ಯರು. ಆದರೆ ಮನುಷ್ಯರ ವಾಸನೆ ಬಡಿದರೆ ಸಾಕು, ಕೆಂಪಿ ಪರಾರಿ. ಹಿಡಿದೇ ತೀರಬೇಕೆಂದು ನಾನೂ ಅಕ್ಕನೂ ಹಟ ತೊಟ್ಟೆವು.

ಸೋಪು, ಕೊಬ್ಬರಿ ಎಣ್ಣೆ ಬಿಟ್ಟೆ. ಬೇವಿನ ಸೊಪ್ಪಿನ ಜೊತೆ ಕಟ್ಟಿಟ್ಟ ಅಂಗಿಯನ್ನೇ ತೊಟ್ಟೆ. "ನಿನ್ ಪಕ್ಕ ಊಟಕ್ಕೆ ಕೂರೋಕಾಗ್ತಿಲ್ಲ ಕಣೋ," ಎಂದು ಅಕ್ಕ ಮೂಗು ಮುಚ್ಚಿಕೊಂಡಳು. ಮಾಂಸ ಮುಟ್ಟದ ಅಕ್ಕನೇ ಅಡುಗೆಮನೆಯ ಇಕ್ಕಳದಲ್ಲಿ ಕೋಳಿಯ ಲಿವರ್ ಹಿಡಿದು ಬೋನಿನೊಳಗೆ ಇಟ್ಟಳು.

ಬೋನು ಸೈಟಿನ ನಡುವೆ. ಅದರ ಬಾಗಿಲಿಗೆ ಎರಡು ಹಗ್ಗ, ಯಾವುದನ್ನು ಎಳೆದರೂ ಬಾಗಿಲು ಬೀಳುತ್ತದೆ. ಒಂದು ಈ ಕಡೆಯ ಮುರುಕು ಗೋಡೆಯ ಹಿಂದೆ ನನ್ನ ಕೈಯಲ್ಲಿ, ಇನ್ನೊಂದು ನೇರ ಎದುರಿನ ಗೋಡೆಯ ಹಿಂದೆ ಅಕ್ಕನ ಕೈಯಲ್ಲಿ. ಇಬ್ಬರೂ ಕೂತಲ್ಲೇ ಚಿಟಿಕೆ ವಿಭೂತಿ ಉದುರಿಸಿ ಗಾಳಿ ನೋಡುವುದು ಅಕ್ಕನ ಉಪಾಯ. ವಿಭೂತಿ ಯಾರ ಮೈಮೇಲೆ ಬೀಳುತ್ತದೋ ಅವರು ಅಲ್ಲೇ ಕೂರಬೇಕು. ಬೋನಿನ ಕಡೆ ಹಾರಿದರೆ ವಾಸನೆಯೂ ಹಾಗೇ ಹೋಗುತ್ತದಲ್ಲ, ಅವರು ಮನೆಗೆ ನಡೆಯಬೇಕು. ದಿನಾ ಬೆಳಗ್ಗೆ ಒಬ್ಬರು ಎದ್ದು ಹೋಗಲೇಬೇಕಿತ್ತು. ಅಷ್ಟರಲ್ಲಿ ಗಾಳಿ ತಿರುಗುತ್ತಿತ್ತು, ಕೆಂಪಿ ಓಡುತ್ತಿದ್ದಳು, ಮರುದಿನ ನಾವು ಮತ್ತೆ ಹಾಜರ್.

ಆ ಬೆಳಗ್ಗೆ ವಿಭೂತಿ ನನ್ನ ಎದೆಗೇ ಬಂತು. ಅಕ್ಕ ಎದ್ದು ಹೋಗಿರುತ್ತಾಳೆ ಅಂದುಕೊಂಡೆ. ಕೆಂಪಿ ಬಂದಳು. ಗಾಯದ ನಾತ ಮೂಗಿಗೆ ರಪ್ಪೆಂದು ಬಡಿಯಿತು. ಗಾಳಿ ನನ್ನ ಕಡೆಗೇ ಇದೆ ಎಂದು ಖಾತ್ರಿಯಾಯಿತು. ಕೆಂಪಿ ತಲೆ ತಗ್ಗಿಸಿ ಬೋನಿನೊಳಗೆ ಹೋದಳು. ಹಗ್ಗ ಎಳೆದೆ. ಅದೇ ಕ್ಷಣ ಎದುರಿನ ಹಗ್ಗವೂ ಬಿಗಿಯಾಯಿತು.

"ಅಕ್ಕಾ, ನೀನ್ಯಾಕೆ ಇನ್ನೂ ಇಲ್ಲಿದೀಯ?" ಎಂದು ಕೂಗಿದೆ.

"ಗಾಳಿ ನನ್ ಕಡೆಗಿತ್ತು ಕಣೋ! ನಾತ ತಡ್ಕೊಳ್ಳೋಕಾಗ್ಲಿಲ್ಲ. ನೀನ್ಯಾಕೆ ಹೋಗ್ಲಿಲ್ಲ?"

ತಂತಿ ಕತ್ತರಿಸಿದ್ದಾಯಿತು. ಕೆಂಪಿ ಬದುಕಿಕೊಂಡಳು. ಅವತ್ತು ನಾನು ಅತ್ತುಬಿಟ್ಟೆ, ಹೇಳಲು ನಾಚಿಕೆಯಿಲ್ಲ. ಗಾಳಿ ಸುತ್ತು ಹೊಡೆದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಿಡದೆ ಅದೇ ಜಾಗದಲ್ಲಿ ಇಬ್ಬರೂ ಎಷ್ಟೋ ಸಲ ಕೂತು ವಿಭೂತಿ ಉದುರಿಸಿ ನೋಡಿದ್ದೇವೆ. ಒಬ್ಬರ ಕಡೆಗಷ್ಟೇ ಬರುತ್ತದೆ. ಆ ಬೆಳಗ್ಗೆ ಮಾತ್ರ ನನ್ನ ಅಂಗಿಯ ಎದೆ ಬೆಳ್ಳಗಾಗಿತ್ತು. ಎದುರಿನಿಂದ ಓಡಿ ಬಂದ ಅಕ್ಕನ ಸೆರಗೂ ಬೆಳ್ಳಗಾಗಿತ್ತು.